ಅಂಟಿನ ಜಾಯಿಂಟ್ ಗಟ್ಟಿಯಾಗಬೇಕಾದರೆ: ಲೆಕ್ಕದಿಂದ ಪರೀಕ್ಷೆಯವರೆಗೆ

ವೆಲ್ಡ್ ಮಾಡಿದ ಜಾಯಿಂಟನ್ನು ಎಕ್ಸ್‌ರೇ ತೆಗೆದು ನೋಡಬಹುದು. ಬೋಲ್ಟ್ ಎಷ್ಟು ಬಿಗಿಯಾಗಿದೆ ಎಂದು ಟಾರ್ಕ್ ವ್ರೆಂಚ್ ಹೇಳುತ್ತದೆ. ಎಪಾಕ್ಸಿ ಹಾಕಿ ಅಂಟಿಸಿದ ಎರಡು ಪ್ಲೇಟುಗಳ ಜಾಯಿಂಟ್ ಎಷ್ಟು ಭಾರ ಹೊರುತ್ತದೆ ಎಂಬುದನ್ನು ಮಾತ್ರ, ಅದನ್ನು ಎಳೆದು ಮುರಿಯದೆ, ಹೇಳಲು ಆಗುವುದಿಲ್ಲ. ನಾಣ್ಯದಿಂದ ತಟ್ಟಿದರೆ ಅಥವಾ ಅಲ್ಟ್ರಾಸೋನಿಕ್ ಹಿಡಿದರೆ ಒಳಗೆ ಪೊಳ್ಳು ಇದೆಯೇ ಎಂಬುದು ಗೊತ್ತಾಗುತ್ತದೆ, ಅಷ್ಟೆ. ಪೊಳ್ಳಿಲ್ಲದೆ ಮೈಗೆ ಮೈ ತಾಗಿಕೊಂಡಿದ್ದು ಹಿಡಿತವೇ ಇಲ್ಲದ ಜಾಯಿಂಟ್ ಈ ಎರಡರಲ್ಲೂ ಪಾಸಾಗಿಬಿಡುತ್ತದೆ. ಹಾಗಾಗಿ ಇಲ್ಲಿ ಬಲ ಹುಟ್ಟುವುದು ಅಂಟಿನ ಡಬ್ಬಿಯಲ್ಲಿ ಅಲ್ಲ, ಡಬ್ಬಿ ತೆರೆಯುವ ಮೊದಲು ಮಾಡಿದ ಕೆಲಸದಲ್ಲಿ.

ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರದ ಶೆಡ್ಡುಗಳಲ್ಲಿ ಸ್ಟೀಲ್ ಮತ್ತು ಅಲ್ಯೂಮಿನಿಯಂ ಕೆಲಸ ಮಾಡುವವರಿಗೆ, ಕಾಲೇಜಿನಲ್ಲಿ ಲ್ಯಾಪ್ ಜಾಯಿಂಟ್ (ಎರಡು ಪ್ಲೇಟುಗಳ ಅಂಚನ್ನು ಒಂದರ ಮೇಲೊಂದು ಇಟ್ಟು ಸೇರಿಸಿದ ಜಾಯಿಂಟ್) ಪ್ರಾಜೆಕ್ಟ್ ತೆಗೆದುಕೊಂಡವರಿಗೆ ಈ ಬರಹ. ಅಂಟು ಎಂದರೆ ಇಲ್ಲಿ ರೆಸಿನ್ ಮತ್ತು ಹಾರ್ಡ್‌ನರ್ ಸೇರಿಸಿ ಕಲಸುವ, ಕೋಣೆಯ ಬಿಸಿಯಲ್ಲೇ ಗಟ್ಟಿಯಾಗುವ ಎಪಾಕ್ಸಿ. ಕಟ್ಟಡದ ಭಾರ ಹೊರುವ ಕಂಬ, ತೊಲೆಗಳಿಗೆ ಪ್ಲೇಟ್ ಅಂಟಿಸುವುದಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಸಹಿ ಮಾಡಿದ ಡ್ರಾಯಿಂಗ್ ಇಲ್ಲದೆ ಕೈ ಹಾಕಬೇಡಿ.

ಮೊದಲು ಭಾರದ ದಿಕ್ಕು ನೋಡಿ

ಅಂಟಿಗೆ ಜಾರುವ ಬಲ, ಅಂದರೆ ಷಿಯರ್, ಒಗ್ಗುತ್ತದೆ. ಸುಲಿಯುವ ಬಲ ಒಗ್ಗುವುದಿಲ್ಲ. ಬಾಳೆಹಣ್ಣಿನ ಸಿಪ್ಪೆಯನ್ನು ತುದಿಯಿಂದ ಎಳೆದಾಗ ಬಲವೆಲ್ಲ ಒಂದು ಸಣ್ಣ ಗೆರೆಯ ಮೇಲೆ ಬೀಳುತ್ತದಲ್ಲ, ತೆಳ್ಳಗಿನ ತಗಡಿನ ತುದಿ ಮೇಲೆದ್ದಾಗ ಅಂಟಿನಲ್ಲಿ ಆಗುವುದೂ ಅದೇ. ಚದರ ಅಡಿಗಟ್ಟಲೆ ಅಂಟು ಹಿಂದೆ ಇದ್ದರೂ ಆ ಕ್ಷಣ ದುಡಿಯುವುದು ಮುಂದಿನ ಒಂದೆರಡು ಮಿಲಿಮೀಟರ್ ಮಾತ್ರ.

ಆದ್ದರಿಂದ ಗೋಡೆಗೆ ಅಂಟಿಸಿದ ಬ್ರಾಕೆಟ್ ಮೇಲೆ ಭಾರ ಮುಂದಕ್ಕೆ ಚಾಚಿ ಕೂರುವಂತಿದ್ದರೆ ಡಿಸೈನನ್ನೇ ಬದಲಿಸಿ. ಬ್ರಾಕೆಟ್ಟಿನ ಪಾದವನ್ನು ಮೇಲಕ್ಕೆ ಉದ್ದ ಮಾಡಿ, ಇಲ್ಲವೇ ಸುಲಿತ ಶುರುವಾಗುವ ತುದಿಯಲ್ಲಿ ಒಂದು ಬೋಲ್ಟ್ ಅಥವಾ ರಿವೆಟ್ ಹಾಕಿ. ಅಂಟು ಭಾರ ಹೊರುವವರೆಗೆ ಆ ಬೋಲ್ಟಿಗೆ ಹೆಚ್ಚು ಕೆಲಸವಿರುವುದಿಲ್ಲ. ಬಿರುಕು ಹೊರಟಾಗ ಅದನ್ನು ಅಲ್ಲೇ ತಡೆಯುವುದು ಅದರ ಕೆಲಸ.

ಓವರ್‌ಲ್ಯಾಪ್ ಎಷ್ಟು ಇಡಬೇಕು

ಪ್ಲೇಟುಗಳು ಒಂದರ ಮೇಲೊಂದು ಕೂರುವ ಉದ್ದವೇ ಓವರ್‌ಲ್ಯಾಪ್. ಇಲ್ಲಿ ಎಲ್ಲರೂ ಮಾಡುವ ಲೆಕ್ಕ: ಅಂಟಿನ ಡೇಟಾಶೀಟಿನಲ್ಲಿ ಬಲ 15 ಎಂಪಿಎ (ಚದರ ಮಿಲಿಮೀಟರಿಗೆ 15 ನ್ಯೂಟನ್) ಎಂದಿದೆ, ವಿಸ್ತೀರ್ಣದಿಂದ ಗುಣಿಸು, ಮುಗಿಯಿತು. ಬಲ ಎರಡು ಪಟ್ಟು ಬೇಕೆಂದರೆ ಓವರ್‌ಲ್ಯಾಪ್ ಎರಡು ಪಟ್ಟು. ಈ ಲೆಕ್ಕ ತಪ್ಪು, ಏಕೆಂದರೆ ಪ್ಲೇಟುಗಳು ಹಿಗ್ಗುತ್ತವೆ. ಓವರ್‌ಲ್ಯಾಪಿನ ಒಂದು ತುದಿಯಲ್ಲಿ ಮೇಲಿನ ಪ್ಲೇಟ್ ಪೂರ್ತಿ ಭಾರ ಹೊತ್ತು ಹಿಗ್ಗಿರುತ್ತದೆ, ಕೆಳಗಿನದು ಅಲ್ಲಿ ಖಾಲಿ ಇರುತ್ತದೆ. ಇನ್ನೊಂದು ತುದಿಯಲ್ಲಿ ಇದೇ ತಿರುವುಮುರುವು. ಎರಡರ ಹಿಗ್ಗುವಿಕೆಯ ವ್ಯತ್ಯಾಸವನ್ನೆಲ್ಲ ತುದಿಯ ಅಂಟು ನುಂಗಬೇಕು. ನಡುವೆ ಎರಡೂ ಪ್ಲೇಟ್ ಸಮನಾಗಿ ಹಿಗ್ಗಿರುವುದರಿಂದ ಅಲ್ಲಿನ ಅಂಟಿಗೆ ಕೆಲಸವೇ ಕಡಿಮೆ. 1938ರಲ್ಲಿ ಫೋಲ್ಕರ್ಸೆನ್ ಇದನ್ನು ಸಮೀಕರಣಕ್ಕೆ ಇಳಿಸಿದರು. ಮೊದಲ ಅಂದಾಜಿಗೆ ಇವತ್ತಿಗೂ ಅದು ಸಾಕು.

ಎರಡು ಪ್ಲೇಟುಗಳೂ ಒಂದೇ ಲೋಹ, ಒಂದೇ ದಪ್ಪವಾಗಿದ್ದರೆ ಹೀಗೆ ಮಾಡಿ. ಅಂಟಿನ ಷಿಯರ್ ಮಾಡ್ಯುಲಸ್ಸನ್ನು (ಜಾರುವ ಬಲಕ್ಕೆ ಅಂಟು ಎಷ್ಟು ಬಗ್ಗದೆ ನಿಲ್ಲುತ್ತದೆ ಎಂಬ ಅಳತೆ) 2ರಿಂದ ಗುಣಿಸಿ. ಅದನ್ನು ಲೋಹದ ಯಂಗ್ಸ್ ಮಾಡ್ಯುಲಸ್ (ಎಳೆತಕ್ಕೆ ಲೋಹ ಎಷ್ಟು ಹಿಗ್ಗದೆ ನಿಲ್ಲುತ್ತದೆ ಎಂಬ ಅಳತೆ), ಪ್ಲೇಟಿನ ದಪ್ಪ, ಅಂಟಿನ ದಪ್ಪ ಈ ಮೂರರ ಗುಣಲಬ್ಧದಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಬಂದದ್ದನ್ನು ಓವರ್‌ಲ್ಯಾಪ್ ಉದ್ದದ ಅರ್ಧದಿಂದ ಗುಣಿಸಿ. ಈ ಸಂಖ್ಯೆಯನ್ನು ಅದರದೇ ಟ್ಯಾನ್‌ಎಚ್‌ನಿಂದ (ಸೈಂಟಿಫಿಕ್ ಕ್ಯಾಲ್ಕುಲೇಟರಿನ tanh) ಭಾಗಿಸಿದರೆ, ತುದಿಯ ಒತ್ತಡ ಸರಾಸರಿಯ ಎಷ್ಟು ಪಟ್ಟು ಎಂಬುದು ಸಿಗುತ್ತದೆ.

ಒಂದು ಉದಾಹರಣೆ: 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಪಟ್ಟಿಗಳು, ಅಂಟು 0.2 ಮಿ.ಮೀ., ಅಂಟಿನ ಷಿಯರ್ ಮಾಡ್ಯುಲಸ್ 700 ಎಂಪಿಎ, ಸ್ಟೀಲಿನ ಯಂಗ್ಸ್ ಮಾಡ್ಯುಲಸ್ 2,05,000 ಎಂಪಿಎ. ವರ್ಗಮೂಲ 0.107 ಬರುತ್ತದೆ. ತುದಿಯಲ್ಲಿ ಅಂಟು 15 ಎಂಪಿಎ ತಲುಪಿದಾಗ ಬಿಡುತ್ತದೆ ಎಂದುಕೊಂಡರೆ:

ಓವರ್‌ಲ್ಯಾಪ್ 12.5 ಮಿ.ಮೀ.: ತುದಿಯ ಒತ್ತಡ ಸರಾಸರಿಯ 1.14 ಪಟ್ಟು, ಹೊರುವ ಭಾರ ಸುಮಾರು 4.1 ಕಿಲೋನ್ಯೂಟನ್.
25 ಮಿ.ಮೀ.: 1.53 ಪಟ್ಟು, 6.1 ಕಿಲೋನ್ಯೂಟನ್.
50 ಮಿ.ಮೀ.: 2.69 ಪಟ್ಟು, 6.96 ಕಿಲೋನ್ಯೂಟನ್.
100 ಮಿ.ಮೀ.: 5.33 ಪಟ್ಟು, 7.03 ಕಿಲೋನ್ಯೂಟನ್.

ಕೊನೆಯ ಎರಡು ಸಾಲು ನೋಡಿ. ಅಂಟು, ಲೋಹ, ಕೂಲಿ ಎಲ್ಲ ಎರಡು ಪಟ್ಟು ಆಯಿತು, ಬಲ ಶೇಕಡಾ ಒಂದರಷ್ಟು ಏರಿತು. ಇದು ಬಿರುಸಾದ ಅಂಟಿನ ಲೆಕ್ಕ. ರಬ್ಬರ್ ಕಣ ಬೆರೆಸಿ ಸುಲಭವಾಗಿ ಬಿರಿಯದಂತೆ ಮಾಡಿದ ಎಪಾಕ್ಸಿ ತುದಿಯಲ್ಲಿ ಸ್ವಲ್ಪ ಬಳುಕಿ ಒಳಗಿನ ಅಂಟಿಗೂ ಭಾರ ಹಂಚುತ್ತದೆ, ಅಲ್ಲಿ ಫಲಿತಾಂಶ ಇದಕ್ಕಿಂತ ಚೆನ್ನಾಗಿರುತ್ತದೆ. ಡೇಟಾಶೀಟಿನಲ್ಲಿ ಬಲದ ಸಂಖ್ಯೆ ಅತಿ ಹೆಚ್ಚಿರುವ ಅಂಟನ್ನೇ ಹುಡುಕುವವರಿಗೆ ನಮ್ಮ ಮಾತು: ಬಲ ಸ್ವಲ್ಪ ಕಡಿಮೆಯಿದ್ದರೂ ಮುರಿಯುವ ಮೊದಲು ಹೆಚ್ಚು ಹಿಗ್ಗುವ ಅಂಟನ್ನು ಆರಿಸಿ.

ಇನ್ನೊಂದು ತೊಡಕಿದೆ. ಒಂದರ ಮೇಲೊಂದು ಕೂತ ಪ್ಲೇಟುಗಳನ್ನು ಎಳೆದಾಗ ಎರಡೂ ಎಳೆತಗಳು ಒಂದೇ ಗೆರೆಯಲ್ಲಿರುವುದಿಲ್ಲ. ಜಾಯಿಂಟ್ ತಿರುಚಿಕೊಳ್ಳುತ್ತದೆ, ಪ್ಲೇಟ್ ಬಾಗುತ್ತದೆ, ತುದಿ ಮೇಲೇಳುತ್ತದೆ. 1944ರಲ್ಲಿ ಗೋಲಂಡ್ ಮತ್ತು ರೈಸ್ನರ್ ಇದನ್ನು ಲೆಕ್ಕಕ್ಕೆ ಸೇರಿಸಿದರು. ಗಿಡ್ಡ ಓವರ್‌ಲ್ಯಾಪಿನಲ್ಲಿ ಬಾಗುವಿಕೆಯೂ ಸೇರಿ ಪ್ಲೇಟಿನ ಮೇಲ್ಮೈ ಒತ್ತಡ ಬರೀ ಎಳೆತದ 4 ಪಟ್ಟು ಆಗುತ್ತದೆ. ನಮ್ಮ 3 ಮಿ.ಮೀ. ಪಟ್ಟಿ, 250 ಎಂಪಿಎ ಈಲ್ಡ್ (ಲೋಹ ಮರಳಿ ಮೊದಲಿನಂತಾಗದಂತೆ ಬಳುಕತೊಡಗುವ ಒತ್ತಡ) ಲೆಕ್ಕದಲ್ಲಿ, ಬರೀ ಎಳೆತಕ್ಕಾದರೆ 18.75 ಕಿಲೋನ್ಯೂಟನ್ ತಡೆಯುತ್ತದೆ. ಗಿಡ್ಡ ಲ್ಯಾಪಿನಲ್ಲಿ 4.7ಕ್ಕೇ ಅದರ ಮೈ ಈಲ್ಡ್ ಆಗತೊಡಗುತ್ತದೆ. 1.6 ಮಿ.ಮೀ. ತಗಡಾದರೆ 2.5ಕ್ಕೇ. ಲೋಹ ಈಲ್ಡ್ ಆಗಿ ಬಳುಕಿದ ಕ್ಷಣ ತುದಿಯ ಅಂಟು ಸುಲಿಯುತ್ತದೆ, ದೋಷ ಮಾತ್ರ ಅಂಟಿನ ತಲೆಗೆ ಬರುತ್ತದೆ.

ಓವರ್‌ಲ್ಯಾಪ್ ಪ್ಲೇಟ್ ದಪ್ಪದ 20 ಪಟ್ಟಿಗೆ ಹೋದರೆ ಈ ಬಾಗುವಿಕೆಯ ಕಾಟ ಬಹಳ ಇಳಿಯುತ್ತದೆ. ಆದ್ದರಿಂದ ನಮ್ಮ ಉದಾಹರಣೆಗೆ 60 ಮಿ.ಮೀ. ಸರಿಯಾದ ಉದ್ದ. ಮೇಲಿನ 7 ಕಿಲೋನ್ಯೂಟನ್ ಪ್ರಯೋಗಾಲಯದ ಮಿತಿ. ಕೆಲಸದ ಭಾರಕ್ಕೆ ಅದನ್ನು ಕನಿಷ್ಠ 3ರಿಂದ ಭಾಗಿಸಿ. ಅದಕ್ಕಿಂತ ಹೆಚ್ಚು ಬೇಕಾದರೆ ಉದ್ದ ಎಳೆಯಬೇಡಿ: ಅಗಲ ಹೆಚ್ಚಿಸಿ, ಅಥವಾ ಎರಡೂ ಬದಿ ಪ್ಲೇಟ್ ಹಾಕಿ ಡಬಲ್ ಲ್ಯಾಪ್ ಮಾಡಿ. ಪ್ಲೇಟಿನ ಹೊರ ಅಂಚನ್ನು ಗ್ರೈಂಡರಿನಲ್ಲಿ ಇಳಿಜಾರಾಗಿ ತೆಳ್ಳಗೆ ಮಾಡುವುದೂ ತುದಿಯ ಸುಲಿತವನ್ನು ತಗ್ಗಿಸುತ್ತದೆ.

ಸದಾಕಾಲ ತೂಗುವ ಭಾರದ ವಿಷಯ ಬೇರೆ. 2006ರ ಜುಲೈ 10ರಂದು ಅಮೆರಿಕದ ಬಾಸ್ಟನ್ನಿನ ಸುರಂಗ ರಸ್ತೆಯಲ್ಲಿ ಚಾವಣಿಯ ಕಾಂಕ್ರೀಟ್ ಹಲಗೆಗಳು ಕಾರಿನ ಮೇಲೆ ಬಿದ್ದು ಒಬ್ಬರು ಸತ್ತರು. ಹಲಗೆಗಳನ್ನು ಹಿಡಿದಿದ್ದ ಆಂಕರುಗಳನ್ನು (ಚಾವಣಿಯ ತೂತಿನೊಳಗೆ ಕೂರಿಸುವ ಬೋಲ್ಟ್) ಬೇಗ ಗಟ್ಟಿಯಾಗುವ ಎಪಾಕ್ಸಿಯಲ್ಲಿ ಕೂರಿಸಿದ್ದರು. ಎಳೆದು ನೋಡಿದಾಗ ಬಲ ಸರಿಯಾಗಿಯೇ ಇತ್ತು. ಆದರೆ ಬಿಡದೆ ತೂಗಿದ ಭಾರಕ್ಕೆ ಆ ಎಪಾಕ್ಸಿ ದ್ರವದಂತೆ ನಿಧಾನವಾಗಿ ಹರಿಯಿತು, ಆಂಕರುಗಳು ಜಾರಿ ಹೊರಬಂದವು. ಇದಕ್ಕೆ ಕ್ರೀಪ್ ಎನ್ನುತ್ತಾರೆ. ಶಾಶ್ವತ ಭಾರಕ್ಕೆ ನಾವು ಅಲ್ಪಾವಧಿ ಬಲದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಲೆಕ್ಕಕ್ಕೆ ಹಿಡಿಯುವುದಿಲ್ಲ, ತಲೆಯ ಮೇಲೆ ತೂಗುವುದಾದರೆ ಬರೀ ಅಂಟಿನ ಮೇಲೆ ಬಿಡುವುದೇ ಇಲ್ಲ. ಉದ್ದ ಓವರ್‌ಲ್ಯಾಪಿನ ನಡುವಿನ ಅಂಟು ದಂಡ ಅಂದುಕೊಂಡಿರಲ್ಲ, ಅದರ ಉಪಯೋಗ ಇಲ್ಲಿದೆ: ಭಾರವಿಲ್ಲದ ಆ ಭಾಗ ಹರಿಯದೆ ನಿಂತು, ತುದಿಗಳು ಜಾರದಂತೆ ಹಿಡಿದಿಡುತ್ತದೆ.

ಮೈ ಸಿದ್ಧಪಡಿಸುವುದು

ಅರ್ಧದಷ್ಟು ಸಮಯ ಇಲ್ಲಿಗೇ ಹೋಗಲಿ. ಕ್ರಮ ತಪ್ಪಿಸಬೇಡಿ.

ಮೊದಲು ಜಿಡ್ಡು ತೆಗೆಯಿರಿ, ಆಮೇಲೆ ಉಜ್ಜಿ. ಮೊದಲೇ ಉಜ್ಜಿದರೆ ಕಟಿಂಗ್ ಆಯಿಲ್ ಗೀರುಗಳ ಒಳಕ್ಕೆ ಇಳಿದು ಕೂರುತ್ತದೆ. ಅಸಿಟೋನ್ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸಿ. ಪೇಂಟ್ ಅಂಗಡಿಯ ಸಡಿಲ ಥಿನ್ನರ್ ಬೇಡ, ಅದು ಆರಿದ ಮೇಲೆ ತೆಳು ಪದರವೊಂದನ್ನು ಬಿಟ್ಟುಹೋಗುತ್ತದೆ. ಕಾಟನ್ ವೇಸ್ಟ್ ಬೇಡ, ಒಗೆದ ಬಿಳಿ ಹತ್ತಿಬಟ್ಟೆ ಬೇಕು. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ಒಣ ಬಟ್ಟೆ: ಒರೆಸಿದ ದ್ರಾವಕ ಆರುವ ಮುಂಚೆಯೇ ಒಣ ಬಟ್ಟೆಯಿಂದ ಎತ್ತಿಬಿಡಬೇಕು. ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಮತ್ತೆ ಹರಡಿಕೊಳ್ಳುತ್ತದೆ. ಬಟ್ಟೆಯನ್ನು ಡಬ್ಬಿಯೊಳಗೆ ಅದ್ದಬೇಡಿ, ಬಟ್ಟೆಯ ಮೇಲೆ ಸುರಿದುಕೊಳ್ಳಿ. ಅಸಿಟೋನ್ ಹತ್ತಿರ ಗ್ರೈಂಡರ್, ವೆಲ್ಡಿಂಗ್ ಕಿಡಿ ಸುಳಿಯಬಾರದು.

ಉಜ್ಜುವುದಕ್ಕೆ ಅಲ್ಯೂಮಿನಾ ಗ್ರಿಟ್ ಬ್ಲಾಸ್ಟಿಂಗ್ (ಗಡಸು ಕಣಗಳನ್ನು ಗಾಳಿಯ ಒತ್ತಡದಲ್ಲಿ ಮೈಗೆ ಹೊಡೆಯುವುದು) ಎಲ್ಲಕ್ಕಿಂತ ಒಳ್ಳೆಯದು. ಸ್ಟೀಲಿಗೆ ಎಸ್‌ಎ 2½ ಎಂಬ ಶುದ್ಧತೆಯ ಮಟ್ಟ, ಅಂದರೆ ತುಕ್ಕು, ಮಿಲ್ ಸ್ಕೇಲ್ (ಕಾರ್ಖಾನೆಯಿಂದಲೇ ಬರುವ ಕಪ್ಪು ಆಕ್ಸೈಡ್ ಪದರ) ಹೋಗಿ ಮೈ ಬಹುತೇಕ ಒಂದೇ ಬೂದುಬಣ್ಣ, ಉಳಿದರೆ ಅಲ್ಲಲ್ಲಿ ಮಸುಕು ಕಲೆ ಮಾತ್ರ. ಬ್ಲಾಸ್ಟಿಂಗ್ ಇಲ್ಲದಿದ್ದರೆ 80ರಿಂದ 120 ನಂಬರಿನ ಎಮರಿ ಪೇಪರಿನಲ್ಲಿ ಅಡ್ಡ, ಉದ್ದ ಎರಡೂ ಕಡೆ ಉಜ್ಜಿ. ಪೌಡರ್ ಕೋಟಿಂಗ್ ಅಥವಾ ಪೇಂಟ್ ಮೇಲೆ ಅಂಟಿಸಿದರೆ ಜಾಯಿಂಟಿನ ಬಲ ಎಂದರೆ ಆ ಪೇಂಟಿನ ಹಿಡಿತ, ಅಷ್ಟೆ. ಗಾಲ್ವನೈಸ್ಡ್ ಶೀಟಿಗೆ ಜೋರು ಬ್ಲಾಸ್ಟಿಂಗ್ ಹೊಡೆದರೆ ಸತುವಿನ ಪದರವೇ ಹಾರಿಹೋಗುತ್ತದೆ, ಅಲ್ಲಿ ಹಗುರವಾಗಿ ಉಜ್ಜುವುದು ಸಾಕು.

ಧೂಳು ಊದಿ, ಮತ್ತೆ ದ್ರಾವಕದಿಂದ ಒರೆಸಿ. ಊದುವ ಗಾಳಿಯ ಮೇಲೆ ಅನುಮಾನ ಇರಲಿ. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ತುಂಬಿರುತ್ತದೆ, ಹಳೆಯದಾದರೆ ಎಣ್ಣೆಯೂ ಬರುತ್ತದೆ. ಟ್ಯಾಂಕ್ ಡ್ರೈನ್ ಮಾಡಿ, ಬಿಳಿ ಕಾಗದದ ಮೇಲೆ ಅರ್ಧ ನಿಮಿಷ ಊದಿ ನೋಡಿ. ಕಲೆ ಬಿದ್ದರೆ ಆ ಗಾಳಿ ಬೇಡ. ಅದೇ ಶೆಡ್ಡಿನಲ್ಲಿ ಯಾರಾದರೂ ಸಿಲಿಕೋನ್ ಸ್ಪ್ರೇ ಬಳಸುತ್ತಿದ್ದರೆ ನಿಲ್ಲಿಸಿ, ಅದು ಗಾಳಿಯಲ್ಲಿ ತೇಲಿ ಬಂದು ಕೂತರೂ ಹಿಡಿತ ಕೆಡುತ್ತದೆ.

ಈಗ ನೀರಿನ ಪರೀಕ್ಷೆ. ಮೈಮೇಲೆ ನೀರು ಚಿಮುಕಿಸಿ, ಓರೆಯಾಗಿ ಹಿಡಿಯಿರಿ. ನೀರು ಒಂದೇ ತೆಳು ಪರದೆಯಾಗಿ ಅರ್ಧ ನಿಮಿಷ ನಿಂತರೆ ಮೈ ಶುದ್ಧ. ಕೆಸುವಿನೆಲೆಯ ಮೇಲಿನಂತೆ ಹನಿಗಟ್ಟಿ ಜಾರಿದರೆ ಜಿಡ್ಡಿದೆ, ಮೊದಲಿನಿಂದ ಶುರುಮಾಡಿ. ಇದಕ್ಕೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬಳಸಿ. ನಮ್ಮೂರ ಬೋರ್‌ವೆಲ್ ನೀರು ಗಡಸು, ಆರಿದ ಮೇಲೆ ಬಿಳಿ ಉಪ್ಪಿನ ಕಲೆ ಬಿಡುತ್ತದೆ. ಪರೀಕ್ಷೆ ಆದ ಮೇಲೆ ಬಿಸಿಗಾಳಿಯಲ್ಲಿ ಪೂರ್ತಿ ಒಣಗಿಸಿ, ಬರಿಗೈಯಲ್ಲಿ ಮುಟ್ಟಬೇಡಿ.

ಅಲ್ಯೂಮಿನಿಯಂ ಹೆಚ್ಚು ಕಾಡುತ್ತದೆ. ಉಜ್ಜಿದ ಕೂಡಲೇ ಮೇಲೆ ಆಕ್ಸೈಡ್ ಪದರ ಬರುತ್ತದೆ, ನೀರು ತಾಗುತ್ತಾ ಹೋದರೆ ಆ ಪದರ ಬದಲಾಗಿ ಲೋಹದಿಂದ ಕಳಚಿಕೊಳ್ಳುತ್ತದೆ. ಮೊದಲ ದಿನ ಗಟ್ಟಿಯಿದ್ದ ಜಾಯಿಂಟ್ ಎರಡು ಮಳೆಗಾಲ ಕಳೆದ ಮೇಲೆ ಕೈಯಲ್ಲಿ ಬಿಡಿಸಿಕೊಂಡು ಬರುವುದು ಹೀಗೆ. ವಿಮಾನ ತಯಾರಿಕೆಯಲ್ಲಿ ಇದಕ್ಕೆ ಫಾಸ್ಫಾರಿಕ್ ಆಸಿಡ್ ಆನೊಡೈಸಿಂಗ್ ಮಾಡುತ್ತಾರೆ. ಸಣ್ಣ ಶೆಡ್ಡಿಗೆ ಸಿಲೇನ್ (ಲೋಹವನ್ನೂ ಅಂಟನ್ನೂ ಬೆಸೆಯುವ ರಾಸಾಯನಿಕ) ದಾರಿ ಸಾಧ್ಯ: ಎಪಾಕ್ಸಿಗೆ ಹೊಂದುವ ಸಿಲೇನನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಶೇ. 1ರಷ್ಟು ಬೆರೆಸಿ, ಒಂದು ಗಂಟೆ ಕಲಕಿ, ಗ್ರಿಟ್ ಬ್ಲಾಸ್ಟ್ ಮಾಡಿದ ಮೈ ಹತ್ತು ಹದಿನೈದು ನಿಮಿಷ ಅದರಲ್ಲಿ ಒದ್ದೆಯಾಗಿರುವಂತೆ ನೋಡಿಕೊಂಡು, ಸುಮಾರು 100 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ. ಬೆರೆಸಿದ ದ್ರಾವಣವನ್ನು ಮರುದಿನಕ್ಕೆ ಇಡಬೇಡಿ.

ಸಿದ್ಧವಾದ ಸ್ಟೀಲನ್ನು 4 ಗಂಟೆಯೊಳಗೆ ಅಂಟಿಸಿ, ಸಿಲೇನ್ ಇಲ್ಲದ ಅಲ್ಯೂಮಿನಿಯಂ ಆದರೆ ಒಂದು ಗಂಟೆಯೊಳಗೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇದನ್ನೂ ಅರ್ಧ ಮಾಡಿ.

ಹವೆಯ ಲೆಕ್ಕ, ಕಲಸುವ ಲೆಕ್ಕ

ಲೋಹದ ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರತೊಡಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಬೆಂಗಳೂರಿನ ಜುಲೈ ಸಂಜೆ 22 ಡಿಗ್ರಿ, ತೇವಾಂಶ ಶೇ. 85 ಎಂದುಕೊಳ್ಳಿ: ಇಬ್ಬನಿ ಬಿಂದು 19.4 ಡಿಗ್ರಿ. ಲೋಹವೂ 22ರಲ್ಲೇ ಇದ್ದರೆ ಅಂತರ 2.6 ಮಾತ್ರ. ಕೆಲಸ ನಿಲ್ಲಿಸಿ, ಇಲ್ಲವೇ ಹ್ಯಾಲೊಜನ್ ದೀಪ ಹಾಕಿ ಪ್ಲೇಟನ್ನು 30 ಡಿಗ್ರಿಗೆ ತನ್ನಿ. ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಅದಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಫ್ರಿಜ್ಜಿನಲ್ಲಿಡುವ ಅಂಟಾದರೆ ಹೊರತೆಗೆದು, ಮುಚ್ಚಿದ ಹಾಗೆಯೇ ಕೋಣೆಯ ಬಿಸಿಗೆ ಬರಲು ಬಿಡಿ. ತಣ್ಣಗಿರುವಾಗ ತೆರೆದರೆ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. 1988ರ ಏಪ್ರಿಲ್ 28ರಂದು ಹವಾಯಿಯ ಆಕಾಶದಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಚಾವಣಿ ಕಿತ್ತುಹೋದದ್ದರ ಹಿಂದೆ, ತಣ್ಣಗೆ ಇಟ್ಟು ಬಳಸುತ್ತಿದ್ದ ಅಂಟಿನ ಲ್ಯಾಪ್ ಜಾಯಿಂಟುಗಳು ಬಿಟ್ಟುಕೊಂಡದ್ದೂ ಒಂದು ಕಾರಣ. ಅಂಟು ಬಿಟ್ಟಾಗ ಭಾರ ರಿವೆಟ್ಟುಗಳ ಮೇಲೆ ಬಿತ್ತು, ರಿವೆಟ್ ತೂತುಗಳಿಂದ ಬಿರುಕು ಹೊರಟಿತು.

ತೂಕ ಮಾಡಿಯೇ ಬೆರೆಸಿ, 0.1 ಗ್ರಾಂ ತೋರಿಸುವ ತಕ್ಕಡಿ ಸಾಕು. ಅಳತೆ ತೂಕದ್ದೋ ಗಾತ್ರದ್ದೋ ಎಂದು ನೋಡಿ. ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಅರಾಲ್ಡೈಟ್ ಎಡಬ್ಲ್ಯೂ 106 ಮತ್ತು ಎಚ್‌ವಿ 953 ಜೋಡಿಯಲ್ಲಿ ತೂಕಕ್ಕಾದರೆ 100ಕ್ಕೆ 80, ಗಾತ್ರಕ್ಕಾದರೆ ಸಮಸಮ. ಎರಡನ್ನು ಅದಲುಬದಲು ಮಾಡಿದರೆ ಅಂಟು ಕೊನೆವರೆಗೂ ಮೆತ್ತಗೋ ಬಿರುಸೋ ಆಗಿ ಉಳಿಯುತ್ತದೆ. ಹಾರ್ಡ್‌ನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಬಿಟ್ಟುಬಿಡಿ. ಗೋಡೆ, ತಳ ಕೆರೆಯುತ್ತಾ 3 ನಿಮಿಷ ಕಲಸಿ, ಬಣ್ಣದ ಗೆರೆಗಳು ಒಂದೂ ಕಾಣಬಾರದು. ದೊಡ್ಡ ಡಬ್ಬಿಯಲ್ಲಿ ಅರ್ಧ ಕಿಲೋ ಕಲಸಿಟ್ಟರೆ ತನ್ನ ಬಿಸಿಗೆ ತಾನೇ ಕಾದು ಬೇಗನೇ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಬೇಕಾದಷ್ಟೇ ಕಲಸಿ, ಅಗಲ ತಟ್ಟೆಗೆ ಹರಡಿ. ನೈಟ್ರೈಲ್ ಕೈಗವಸು ಕಡ್ಡಾಯ: ಹಾರ್ಡ್‌ನರ್ ಒಮ್ಮೆ ಚರ್ಮಕ್ಕೆ ಅಲರ್ಜಿ ಹಿಡಿಸಿದರೆ ಆಮೇಲೆ ಈ ಕೆಲಸವನ್ನೇ ಬಿಡಬೇಕಾಗುತ್ತದೆ.

ಹಚ್ಚುವುದು, ಹಿಡಿಯುವುದು, ಕಾಯುವುದು

ಅಂಟಿನ ದಪ್ಪ 0.1ರಿಂದ 0.3 ಮಿ.ಮೀ. ಇರಲಿ. ಕ್ಲ್ಯಾಂಪನ್ನು ಎಷ್ಟು ಬಿಗಿದರೆ ಅಷ್ಟು ಗಟ್ಟಿ ಎಂದು ತಿರುಗಿಸುತ್ತಾ ಹೋದರೆ ಅಂಟೆಲ್ಲ ಹೊರಬಂದು ಒಳಗೆ ಲೋಹಕ್ಕೆ ಲೋಹ ತಾಗುತ್ತದೆ. ತಪ್ಪಿಸಲು 0.2 ಮಿ.ಮೀ. ಗಾಜಿನ ಮಣಿಗಳನ್ನು ಅಂಟಿನ ತೂಕದ ಶೇ. 1ರಷ್ಟು ಬೆರೆಸಿ. ಮಣಿ ಸಿಗದಿದ್ದರೆ ಅಷ್ಟೇ ದಪ್ಪದ ತಂತಿಯ ಎರಡು ತುಂಡು ಸಾಕು. ಎರಡೂ ಮೈಗೆ ತೆಳುವಾಗಿ ಉಜ್ಜಿ ಹಚ್ಚಿ, ಒಂದರ ನಡುವೆ ದಿಣ್ಣೆಯಂತೆ ಹೆಚ್ಚಿಗೆ ಇಟ್ಟು, ಒಂದು ಬದಿಯಿಂದ ಮಲಗಿಸುತ್ತಾ ಒತ್ತಿ. ಗಾಳಿ ಹೊರಹೋಗುತ್ತದೆ. ಒಮ್ಮೆ ಕೂರಿಸಿದ ಮೇಲೆ ಎತ್ತಿ ನೋಡಬೇಡಿ.

ಅಂಚಿನಿಂದ ಉಕ್ಕಿ ಬಂದ ಅಂಟನ್ನು ಚೆಂದಕ್ಕೆಂದು ಒರೆಸಿಬಿಡುವುದು ಬಹಳ ಕಡೆ ಕಾಣುವ ತಪ್ಪು. ಅದನ್ನು ಬೆರಳಿನಿಂದ 45 ಡಿಗ್ರಿ ಇಳಿಜಾರಾಗಿ ಸವರಿ ಅಲ್ಲೇ ಬಿಡಿ. ಬಿರುಕು ಶುರುವಾಗುವ ತುದಿಯಲ್ಲಿ ಆ ಇಳಿಜಾರು ಒತ್ತಡ ತಗ್ಗಿಸುತ್ತದೆ, ಕಾಸಿಲ್ಲದೆ ಸಿಗುವ ಬಲ ಅದು.

24 ಗಂಟೆ ಕ್ಲ್ಯಾಂಪಿನಲ್ಲಿರಲಿ, ಪೂರ್ತಿ ಭಾರಕ್ಕೆ 7 ದಿನ. ಬಿಸಿ 10 ಡಿಗ್ರಿ ಇಳಿದರೆ ಗಟ್ಟಿಯಾಗುವ ಸಮಯ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಡಿಸೆಂಬರ್, ಜನವರಿಯ ರಾತ್ರಿ 15 ಡಿಗ್ರಿ ಇರುವಾಗ ಇದು ನೆನಪಿರಲಿ. ತಣ್ಣಗೆ, ತೇವವಾಗಿದ್ದರೆ ಹಾರ್ಡ್‌ನರ್ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಮೇಣದಂತಹ ಪೊರೆ ಕಟ್ಟುತ್ತದೆ, ಹಚ್ಚಿ ತೆರೆದಿಟ್ಟ ಮೈಯಲ್ಲಿ ಅದು ಬಂದರೆ ಹಿಡಿತ ಹೋಯಿತು. ಥರ್ಮೋಕೋಲ್ ಪೆಟ್ಟಿಗೆಯೊಳಗೆ ಬಲ್ಬ್ ಉರಿಸಿ 60 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಬಲವೂ ಬಿಸಿ ತಾಳುವ ಶಕ್ತಿಯೂ ಏರುತ್ತವೆ. ಇದರ ಅಗತ್ಯ ಏಪ್ರಿಲ್‌ನಲ್ಲಿ ಗೊತ್ತಾಗುತ್ತದೆ: ಕೋಣೆಯ ಬಿಸಿಯಲ್ಲೇ ಗಟ್ಟಿಯಾದ ಎಪಾಕ್ಸಿಗಳಲ್ಲಿ ಬಹಳಷ್ಟು 45ರಿಂದ 60 ಡಿಗ್ರಿಯಲ್ಲಿ ಮೆತ್ತಗಾಗತೊಡಗುತ್ತವೆ, ಬಿಸಿಲಿಗೆ ಬಿದ್ದ ಶೀಟ್ ಆ ಬಿಸಿಯನ್ನು ಸುಲಭವಾಗಿ ಮುಟ್ಟುತ್ತದೆ.

ಮುರಿದು ನೋಡಿ

ಪ್ರತಿ ಬ್ಯಾಚಿನ ಜೊತೆಗೇ, ಅದೇ ಅಂಟಿನಲ್ಲಿ, ಅದೇ ಕೈಯಿಂದ 5 ಮಾದರಿ ಪಟ್ಟಿಗಳನ್ನು ಅಂಟಿಸಿ. ಎಎಸ್‌ಟಿಎಂ ಡಿ 1002 (ಅಂಟಿನ ಜಾಯಿಂಟ್ ಎಳೆದು ನೋಡುವ ಅಮೆರಿಕದ ಪರೀಕ್ಷಾ ಮಾನದಂಡ) ಪ್ರಕಾರ 1.6 ಮಿ.ಮೀ. ದಪ್ಪ, 25.4 ಮಿ.ಮೀ. ಅಗಲ, 12.7 ಮಿ.ಮೀ. ಓವರ್‌ಲ್ಯಾಪ್, ಎಳೆಯುವ ವೇಗ ನಿಮಿಷಕ್ಕೆ 1.3 ಮಿ.ಮೀ. ಡೇಟಾಶೀಟಿನ ಸಂಖ್ಯೆಗಳು ಇಂಥ ಪಟ್ಟಿಗಳಿಂದಲೇ ಬಂದಿರುವುದರಿಂದ ಹೋಲಿಸಲು ಇದು ಸರಿ, ನಿಮ್ಮ ಜಾಯಿಂಟಿನ ಬಲಕ್ಕೆ ನೇರ ಉತ್ತರವಲ್ಲ. ಐದರಲ್ಲಿ ಒಂದು ಬಹಳ ಕೆಳಗೆ ಬಂದರೆ ಸರಾಸರಿ ತೆಗೆದು ಮುಚ್ಚಿಹಾಕಬೇಡಿ, ಕಾರಣ ಹುಡುಕಿ.

ಸಂಖ್ಯೆಗಿಂತ ಮುರಿದ ಮೈ ಹೆಚ್ಚು ಹೇಳುತ್ತದೆ. ಎರಡೂ ಪ್ಲೇಟಿನ ಮೇಲೆ ಅಂಟು ಉಳಿದಿದ್ದರೆ ಅಂಟೇ ಹರಿದಿದೆ, ಮೈಸಿದ್ಧತೆ ಸರಿಯಿತ್ತು. ಒಂದು ಕಡೆ ಲೋಹ ಫಳಫಳ ಬರಿದಾಗಿದ್ದರೆ, ಬಲದ ಸಂಖ್ಯೆ ಚೆನ್ನಾಗಿದ್ದರೂ ಬ್ಯಾಚನ್ನು ತಿರಸ್ಕರಿಸಿ: ಇವತ್ತು ಹಿಡಿದದ್ದು ನೀರು ತಾಗಿದ ಮೇಲೆ ಹಿಡಿಯುವುದಿಲ್ಲ. ಹೊಳೆಯುವ ಗುಂಡಗಿನ ತೂತುಗಳಿದ್ದರೆ ಗಾಳಿ ಸಿಕ್ಕಿಕೊಂಡಿತ್ತು. ಅಂಟಿನ ಮೈ ನಯವಾಗಿದ್ದು ಎದುರಿನ ಪ್ಲೇಟಿನ ಗುರುತೇ ಇಲ್ಲದಿದ್ದರೆ ಅಲ್ಲಿ ಎರಡು ಮೈ ಕೂಡಿರಲೇ ಇಲ್ಲ.

ಬಾಳಿಕೆ ತಿಳಿಯಲು ಬೆಣೆ ಪರೀಕ್ಷೆ ಮಾಡಿ, ಯಂತ್ರ ಬೇಕಿಲ್ಲ. 3.2 ಮಿ.ಮೀ. ದಪ್ಪ, 25 ಮಿ.ಮೀ. ಅಗಲ, 150 ಮಿ.ಮೀ. ಉದ್ದದ ಎರಡು ಅಲ್ಯೂಮಿನಿಯಂ ಪಟ್ಟಿಗಳನ್ನು ಉದ್ದಕ್ಕೂ ಅಂಟಿಸಿ. ಒಂದು ತುದಿಯಲ್ಲಿ ಸ್ವಲ್ಪ ಭಾಗಕ್ಕೆ ಅಂಟು ಹಿಡಿಯದಂತೆ ಟೆಫ್ಲಾನ್ ಟೇಪ್ ಇಡಿ. ಗಟ್ಟಿಯಾದ ಮೇಲೆ ಅಲ್ಲಿಂದ 3.2 ಮಿ.ಮೀ. ದಪ್ಪದ ಬೆಣೆ ಹೊಡೆದು, ಬಿರುಕಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ ಗೀರು ಹಾಕಿ. ಪಟ್ಟಿಯನ್ನು 50 ಡಿಗ್ರಿಯ ತೇವದ ಪೆಟ್ಟಿಗೆಯಲ್ಲಿಟ್ಟು ಒಂದು ಗಂಟೆಗೆ, 24 ಗಂಟೆಗೆ ಮತ್ತೆ ಗೀರು ಹಾಕಿ. ಬಿರುಕು ಕೆಲವೇ ಮಿಲಿಮೀಟರ್ ಮುಂದೆ ಹೋಗಿ ನಿಂತು, ಬಿಡಿಸಿದಾಗ ಎರಡೂ ಕಡೆ ಅಂಟು ಕಂಡರೆ ನಿಮ್ಮ ಮೈಸಿದ್ಧತೆ ಮಳೆ ತಡೆಯುತ್ತದೆ. ಬಿರುಕು ಓಡಿಹೋಗಿ ಲೋಹ ಬರಿದಾಗಿ ಕಂಡರೆ ಅಂಟು ಬದಲಿಸಿ ಉಪಯೋಗವಿಲ್ಲ. ಸಿಲೇನ್, ಗ್ರಿಟ್, ದ್ರಾವಕ ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುತ್ತಾ ಬೆಣೆ ಪರೀಕ್ಷೆಯನ್ನು ಮತ್ತೆ ಮಾಡಿ.